ಗುಬ್ಬಿಯ ಪಕ್ಕೆಲುಬು

ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ‘ಇವನ ಕೈಗೇನು ಲಕ್ವ ಹೊಡೆದಿದೆಯಾ’ ಎಂದು ಬೈದುಕೊಂಡಿರುತ್ತೀಯ. ಬೈಯಿ. ಬರೆಯಲು ಕೂತರೆ ಭಯವಾಗುತ್ತಿತ್ತು, ಅಷ್ಟೇ.

ನನ್ನ ಗುಬ್ಬಿಯ ಎಡಗಡೆಯ ಪಕ್ಕೆಲುಬು ಮುರಿದಿದೆ. ಅವಳು ಥೇಟ್ ಅತ್ತೆಯಾದ ನಿನ್ನ ಹಾಗೆಯೇ; ‘ಇದಕ್ಕೆ ಪ್ಲಾಸ್ಟರ್ ಹಾಕಲ್ವಂತೆ, ಫ್ರೆಂಡ್ಸ್ ಹತ್ರ ಸಹಿ ಎಲ್ಲಿ ಹಾಕಿಸ್ಲಿ?’ ಎಂದು ಗೊಣಗುತ್ತಿದ್ದಾಳೆ.

ಅವಳಿಗಿರುವ ಸಿಸ್ಟಿಕ್ ಫೈಬ್ರೋಸಿಸ್ ಎಂದರೆ ಎದೆಯ ಕಾಯಿಲೆ ಎಂದೇ ಇಷ್ಟು ದಿನ ತಿಳಿದಿದ್ದೆ. ನೀನು ಕಲಿಸಿಕೊಟ್ಟಂತೆ ಹನ್ನೆರಡು ವರ್ಷ, ದಿನಾ ಬೆಳಿಗ್ಗೆ, ಬೈಂಡಿಂಗ್ ಅಂಗಡಿ ತೆರೆಯುವ ಮೊದಲು, ಅಂಗೈಯನ್ನು ಬಟ್ಟಲು ಮಾಡಿ ಅವಳ ಬೆನ್ನು, ಪಕ್ಕೆ ತಟ್ಟಿ ಕಫ ಸಡಿಲಿಸಿದ್ದೇನೆ. ಮೂಳೆಯ ಕಡೆ ಯಾರಿಗೆ ಗಮನ?

ಡಾಕ್ಟರಮ್ಮ ಹೇಳಿದರು: ‘ಮೂಳೇಲೂ ಜೀವ ಇರುತ್ತೆ. ಹಳೇದನ್ನ ಕೆಡವೋ ಕೋಶಗಳೇ ಬೇರೆ, ಹೊಸದು ಕಟ್ಟೋ ಕೋಶಗಳೇ ಬೇರೆ. ಈ ಕಾಯಿಲೇಲಿ ಕಟ್ಟೋವು ಹಿಂದೆ ಬೀಳ್ತವೆ, ಕೆಡವೋವು ರಜಾನೇ ತಗೊಳ್ಳಲ್ಲ. ಕೊಬ್ಬು ಅರಗದೆ ಡಿ ವಿಟಮಿನ್ನೂ ಮೈಗೆ ಹತ್ತಲ್ಲ. ಇವಳ ಮೂಳೆ ವಯಸ್ಸಿಗೆ ತಕ್ಕಷ್ಟು ಗಟ್ಟಿ ಇಲ್ಲ. ಕೆಮ್ಮಿ ಮುರಿದಿರೋದು ತಾನೇ? ಎಡಗಡೆ ಮುಟ್ಬೇಡಿ, ಬಲಗಡೆ ಮಾಮೂಲಿನ ಹಾಗೆ ತಟ್ಟಿ. ಕಫ ನಿಂತ್ರೆ ಇನ್ನೂ ಕಷ್ಟ.’

ಅಕ್ಕ, ನನಗೆ ಹೆದರಿಕೆ. ತಟ್ಟದಿದ್ದರೆ ಉಸಿರಿಗೆ ಅಪಾಯ, ತಟ್ಟಿದರೆ ಮೂಳೆಗೆ. ಅತ್ತ ದರಿ, ಇತ್ತ ಪುಲಿ. ಅಂಗಡಿಯಲ್ಲಿ ಪುಸ್ತಕದ ಬೆನ್ನಿಗೆ ಎತ್ತಿದ ಸುತ್ತಿಗೆಯನ್ನೂ ಹಾಗೇ ಕೆಳಗಿಡುತ್ತೇನೆ. ನಿನ್ನೆ ಒಂದು ದಪ್ಪ ನಿಘಂಟಿಗೆ ರಟ್ಟನ್ನೇ ತಲೆಕೆಳಗಾಗಿ ಅಂಟಿಸಿದೆ. ಗಿರಾಕಿ ನಕ್ಕರು, ನನಗೆ ಅಳು ಬಂತು.

ನಿನ್ನ ಮೊಣಕಾಲು ನೋವು ಬೇಗ ಇಳಿಯಲಿ. ನಿನ್ನ ಆಶೀರ್ವಾದ ಗುಬ್ಬಿಯನ್ನು ಕಾಯಲಿ.

ನಿನ್ನ ತಮ್ಮ

ಮತ್ತೊಂದು ಮಾತು. ಮರೆತದ್ದಲ್ಲ, ಬರೆಯಲಾಗದ್ದು. ಅವಳು ಕೆಮ್ಮಿ ಮುರಿದುಕೊಳ್ಳಲಿಲ್ಲ. ಅಂದು ಎಷ್ಟು ತಟ್ಟಿದರೂ ಕಫ ಬರಲಿಲ್ಲ, ಅಂಗಡಿಗೆ ಹೊತ್ತಾಗುತ್ತಿತ್ತು. ಸಿಟ್ಟಿನಲ್ಲಿ ಜೋರಾಗಿಯೇ ಹೊಡೆದೆ. ಲಟಕ್ಕೆಂದದ್ದು ನನಗೆ ಕೇಳಿಸಿತು. ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು ‘ಕೆಮ್ಮಿದೆ, ನೋವಾಯ್ತು’ ಎಂದುಬಿಟ್ಟಳು. ನಾನು ಹೌದೆಂದು ತಲೆಯಾಡಿಸಿದೆ. ನಿಜ ಗೊತ್ತಿದ್ದರೆ ಡಾಕ್ಟರಮ್ಮ ಬಲಗಡೆ ತಟ್ಟಿ ಎನ್ನುತ್ತಿದ್ದರೇ? ಹೋಗಿ ಹೇಳಬೇಕು, ನೀನು ಜೊತೆಗೆ ಬಾ, ಒಬ್ಬನೇ ಹೇಳಲಾರೆ. ಇವತ್ತು ಬೆಳಿಗ್ಗೆ ಗುಬ್ಬಿ ಬಲಪಕ್ಕೆಯನ್ನು ನನ್ನ ಕಡೆ ಮಾಡಿ ಕೂತು, ‘ಅಪ್ಪಾ, ಮೆಲ್ಲಗೆ’ ಎಂದಳು. ಹನ್ನೆರಡು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಇದೇ ಮೊದಲು.