ಐದು ಗಂಟೆಗೆ ಖಾಲಿಯಾಗುವ ಬೆಟ್ಟ

ಪ್ರತಿ ಸಂಜೆ ಐದಕ್ಕೆ ಸರಿಯಾಗಿ, ಕುರ್ಚಿಯಿಂದ ಏಳದೆಯೇ ಇಡೀ ಬೆಟ್ಟವನ್ನು ಖಾಲಿ ಮಾಡಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕನಿಗೆ ನಿಮ್ಮ ಕಚೇರಿಯ ನೋಟಿಸು ತಲುಪಿದೆ. ಭಾನುವಾರ ಸಂಜೆ ಐದಕ್ಕೆ ಸಹಿ ಮಾಡಿ ವಾಪಸಾದ ಅವಳು, ಅನುಮತಿಯಿಲ್ಲದೆ ಮತ್ತೆ ಬೆಟ್ಟ ಹತ್ತಿ ರಾತ್ರಿ ತಂಗಿದ್ದಳಂತೆ. ಹದಿನೈದು ದಿನದೊಳಗೆ ತಪ್ಪೊಪ್ಪಿಗೆ ಬರೆದು ಸಹಿ ಹಾಕಿ ಕಳಿಸಬೇಕಂತೆ. ನೋಟಿಸನ್ನು ನಾಲ್ಕು ಸಲ ಓದಿದೆ. ಪ್ರತಿ ಸಲವೂ ಹೇಸಿಗೆಯಾಯಿತು. ಅದನ್ನು ಮುಚ್ಚಿಟ್ಟುಕೊಂಡು ಸಭ್ಯವಾಗಿ ಬರೆಯುವಷ್ಟು ದೊಡ್ಡತನ ನನ್ನಲ್ಲಿಲ್ಲ.

ಅಕ್ಕ ಟೈಲರ್. ಮೂವತ್ತು ವರ್ಷ ಮೆಷಿನ್ ಮುಂದೆ ತಲೆ ತಗ್ಗಿಸಿ ಕೂತವಳು ಒಂದು ಸಲವಾದರೂ ತಲೆಯೆತ್ತಿ ಆ ಬೆಟ್ಟದ ಕೆರೆ ನೋಡಬೇಕೆಂದು ಆಸೆಪಟ್ಟಳು. ಒಂದು ರಾತ್ರಿ ತಂಗಲು ಅನುಮತಿ ಪಡೆದು ಶನಿವಾರ ಇಬ್ಬರೂ ಹತ್ತಿದೆವು. ಕೆರೆಯ ದಡದಲ್ಲಿ ಟೆಂಟ್ ಹಾಕಿ, ಸ್ಟೌ ಹಚ್ಚಿ ಸೂಪು ಕಾಯಿಸಿಕೊಂಡು ಕುಡಿದೆವು. ಬೆಳಿಗ್ಗೆ ನೀರಿನ ಮೇಲಿನ ಮಂಜು ಸರಿಯುವವರೆಗೂ ಅವಳು ದಡ ಬಿಟ್ಟು ಏಳಲಿಲ್ಲ. ಅಕ್ಕ ಅಷ್ಟು ಹೊತ್ತು ಕೆಲಸವಿಲ್ಲದೆ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಭಾನುವಾರ ಇಳಿಯುವಾಗ, ಮಧ್ಯಾಹ್ನ ಎರಡೂವರೆಗೆ, ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ಎಡಗಾಲಿನ ಪಾದದ ಗಂಟು ಊದಿ ಬೂಟು ಬಿಚ್ಚಲಾಗಲಿಲ್ಲ. ಅಲ್ಲಿ ಫೋನು ಹತ್ತುವುದಿಲ್ಲ. ಒಂದು ಸಮತಟ್ಟು ಜಾಗದಲ್ಲಿ ಟೆಂಟ್ ಹಾಕಿ ಅವಳನ್ನು ಕೂರಿಸಿ, ನೀರಿನ ಬಾಟಲಿ ಪಕ್ಕಕ್ಕಿಟ್ಟು, ನಾನು ಎದ್ದು ಬಿದ್ದು ಕೆಳಗಿನ ಗೇಟಿಗೆ ಬಂದಾಗ ಐದೂ ಮುಕ್ಕಾಲು.

ಗೇಟಿನ ಕಾವಲುಗಾರ ಊಟದ ಡಬ್ಬಿಯನ್ನು ಚೀಲಕ್ಕೆ ತುಂಬುತ್ತಿದ್ದ. ಅಕ್ಕ ಮೇಲೆ ಬಿದ್ದಿದ್ದಾಳೆ, ಜನ ಕಳಿಸಿ ಎಂದೆ. ಅವನು ರಿಜಿಸ್ಟರ್ ತೆರೆದು ಬೆರಳಿಟ್ಟು ತೋರಿಸಿದ.

“ಅವರು ಆಗ್ಲೇ ಬಂದಾಯ್ತಲ್ಲ ಸಾರ್. ಇಲ್ನೋಡಿ, ಸೈನ್ ಇದೆ.”

ಇತ್ತು. ಅದರ ಕೆಳಗೆ ನನ್ನದೂ ಇತ್ತು. ಮಂಡಿವರೆಗೂ ಕೆಸರು ಮೆತ್ತಿಕೊಂಡು ಅವನ ಮುಂದೆ ಏದುಸಿರು ಬಿಡುತ್ತಿದ್ದ ನಾನು ಮುಕ್ಕಾಲು ಗಂಟೆ ಮೊದಲೇ ಮನೆಗೆ ಹೋಗಿದ್ದೆ.

“ನಾನಿಲ್ಲೇ ನಿಂತಿದೀನಲ್ಲಪ್ಪಾ” ಎಂದೆ.

“ನಾನೇನ್ ಮಾಡ್ಲಿ ಸಾರ್, ಅವತ್ತು ಇಳೀಬೇಕಾದವರ ಸೈನಿನ ಮನೆ ಐದಕ್ಕೆ ಒಂದೂ ಖಾಲಿ ಇರಬಾರದು ಅಂತ ಆರ್ಡರ್. ಖಾಲಿ ಇದ್ರೆ ನನಗೇ ಮೆಮೋ. ಹಂಗಾಗಿ ನಾನೇ ತುಂಬಿಸ್ಬಿಡ್ತೀನಿ. ದಿನಾ ಎಲ್ರೂ ಬಂದೇ ಬರ್ತಾರೆ.”

ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನೇ ನಿಮ್ಮ ಕಚೇರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಆ ಕಡೆಯವರು ಬಹಳ ಶಾಂತವಾಗಿದ್ದರು. “ಎಲ್ಲರೂ ವಾಪಸ್ ಅಂತ ರಿಪೋರ್ಟ್ ಬಂದಿದೆ. ಇನ್ಯಾರನ್ನ ಹುಡುಕೋದು ಹೇಳಿ? ನಾಳೆ ಆಫೀಸ್ ಟೈಮಲ್ಲಿ ಬನ್ನಿ.” ಮಾನ್ಯರೇ, ಮುರಿದ ಮೂಳೆಗೂ ಆಫೀಸ್ ಟೈಮ್ ಇದೆಯೆಂದು ನನಗೆ ಅಂದೇ ಗೊತ್ತಾದದ್ದು.

ಕಾವಲುಗಾರನ ಟಾರ್ಚು, ಕಂಬಳಿ ಇಸಿದುಕೊಂಡು ನಾನೊಬ್ಬನೇ ಮತ್ತೆ ಹತ್ತಿದೆ. ಬೆಳಕು ಹರಿಯುವ ಹೊತ್ತಿಗೆ, ಪ್ರವಾಸಿಗರ ಸಾಮಾನು ಹೊರುವ ಕುದುರೆಯವನು ಕಾವಲುಗಾರನಿಂದ ಸುದ್ದಿ ತಿಳಿದು ತಾನಾಗಿ ಬಂದ. ಅಕ್ಕನನ್ನು ಕುದುರೆಯ ಮೇಲೆ ಕೂರಿಸಿ ಇಳಿಸಿದ. ಪುಣ್ಯಕ್ಕೆ ಅವನ ಕುದುರೆಗೆ ನಿಮ್ಮ ರಿಜಿಸ್ಟರ್ ಓದಲು ಬರುತ್ತಿರಲಿಲ್ಲ.

ನಾನು ಬೈಂಡರ್. ನಿಮ್ಮಂಥ ಎಷ್ಟೋ ಕಚೇರಿಗಳ ರಿಜಿಸ್ಟರುಗಳಿಗೆ ರಟ್ಟು ಕಟ್ಟಿದ್ದೇನೆ. ಪ್ರತಿ ಹಾಳೆಗೂ ನಂಬರ್ ಹೊಡೆಯಿರಿ, ಯಾರೂ ಹಾಳೆ ಕೀಳದ ಹಾಗೆ ಹೊಲಿಗೆ ಹಾಕಿ ಎಂದು ನಿಮ್ಮವರು ಬಂದು ಒತ್ತಿ ಒತ್ತಿ ಹೇಳಿ ಹೋಗುತ್ತಾರೆ. ಅಷ್ಟು ಭದ್ರ ಯಾತಕ್ಕೆ ಎಂದು ನಾನು ಕೇಳಿದವನಲ್ಲ. ಸುಳ್ಳು ಒಂದೂ ಉದುರಿಹೋಗದಿರಲಿ ಅಂತಲೇ? ಅಂದು ಗೇಟಿನಲ್ಲೇ ತೆಗೆದ ಆ ಪುಟದ ಫೋಟೋ ನನ್ನ ಫೋನಿನಲ್ಲಿದೆ. ಮೂವತ್ತೊಂದು ಸಹಿ, ಒಂದೇ ಪೆನ್ನು, ಒಂದೇ ಕೈ, ಒಂದೇ ವಾಲು. ನೋಟಿಸು ಬರೆಯುವ ಮುನ್ನ ನಿಮ್ಮಲ್ಲಿ ಒಬ್ಬರಾದರೂ ಆ ಪುಟ ತೆರೆದು ನೋಡಿದಿರಾ? ಮಣಿಕಟ್ಟು ಮುರಿದ ಹೆಂಗಸು ಬೆಟ್ಟದ ಮೇಲಿನಿಂದಲೇ ಕೈ ಚಾಚಿ ಗೇಟಿನಲ್ಲಿ ಸಹಿ ಹಾಕಿದ್ದು ನಿಮಗೆ ಸಹಜವೆನ್ನಿಸಿತೇ? ನನಗೂ ಒಂದು ನೋಟಿಸು ಬಂದಿದೆ. ಅದಿರಲಿ, ನಾನು ನಿಜಕ್ಕೂ ಎರಡನೇ ಸಲ ಹತ್ತಿದವನು.

ಅಕ್ಕ ಮೊದಲು, “ಬರೆದು ಬಿಸಾಕೋ, ನಮಗ್ಯಾಕೆ ಆಫೀಸಿನವರ ಸಹವಾಸ” ಅಂದಳು. ಬಲಗೈ ಬ್ಯಾಂಡೇಜಿನಲ್ಲಿದೆ. ಇನ್ನು ಕತ್ತರಿ ಹಿಡಿಯಲಾಗುತ್ತದೋ ಇಲ್ಲವೋ ಡಾಕ್ಟರೂ ಬಾಯಿ ಬಿಡುತ್ತಿಲ್ಲ. ಅವಳಿಗೆ ಅದೇ ಚಿಂತೆ. ಮೊನ್ನೆ ಆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದಳು.

“ನನ್ನ ಸೈನು ಇಷ್ಟು ಚೆನ್ನಾಗಿ ಯಾವತ್ತೂ ಬಂದಿಲ್ಲ ಕಣೋ” ಎಂದು ನಕ್ಕಳು. ಆಮೇಲೆ ನಗು ನಿಂತಿತು. “ಐದು ಗಂಟೆಗೆ ನಾನು ಟೆಂಟಲ್ಲಿ ಕೂತು ಕೂಗ್ತಿದ್ದೆ. ಯಾರಿಗಾದ್ರೂ ಕೇಳ್ಸುತ್ತೆ ಅಂದ್ಕೊಂಡಿದ್ದೆ.”

ಆದ್ದರಿಂದ ಮಾನ್ಯರೇ, ತಪ್ಪೊಪ್ಪಿಗೆ ಬರುವುದಿಲ್ಲ. ನೋಟಿಸು ಹಿಂದಕ್ಕೆ ತೆಗೆದುಕೊಳ್ಳಿ, ಅಕ್ಕನ ಕ್ಷಮೆ ಕೇಳಿ. ಐದು ಗಂಟೆಯ ಆ ಆದೇಶವನ್ನು ಹರಿದುಹಾಕಿ. ಇಳಿದು ಬಾರದವರ ಸಹಿಯ ಮನೆ ರಿಜಿಸ್ಟರಿನಲ್ಲಿ ಖಾಲಿಯೇ ಇರಲಿ. ಅದನ್ನು ನೋಡಿ ನಿಮಗೆ ಗಾಬರಿಯಾಗಲಿ, ಊಟ ಸೇರದಿರಲಿ, ಯಾರನ್ನಾದರೂ ಮೇಲಕ್ಕೆ ಕಳಿಸುವ ಮನಸ್ಸಾಗಲಿ. ಮುಂದಿನ ಭಾನುವಾರ ಇನ್ಯಾರದೋ ಅಕ್ಕ ಅಲ್ಲಿ ಕೂತು ಕೂಗುತ್ತಿರಬಹುದು.

ಒಂದು ವಾರದಿಂದ ಅಕ್ಕ ಎಡಗೈಯಲ್ಲಿ ಸಹಿ ಹಾಕುವುದನ್ನು ಕಲಿಯುತ್ತಿದ್ದಾಳೆ. ನಿಮಗಾಗಿ ಒಂದನ್ನು ಈ ಪತ್ರದ ಕೆಳಗೆ ಹಾಕಿದ್ದಾಳೆ. ಸೊಟ್ಟಗಿದೆ, ಗೆರೆ ದಾಟಿದೆ, ಕೊನೆಯ ಅಕ್ಷರ ಅರ್ಧಕ್ಕೇ ನಿಂತಿದೆ. ನಿಮ್ಮ ರಿಜಿಸ್ಟರಿನಲ್ಲಿರುವುದನ್ನು ಒಂಚೂರೂ ಹೋಲುವುದಿಲ್ಲ. ಇದನ್ನು ಹಾಕಿದವಳು ಅವಳೇ.

ಇಂತಿ,
ನಿಮ್ಮ ಪುಸ್ತಕದ ಪ್ರಕಾರ ಆ ಭಾನುವಾರ ಸಂಜೆ ಐದಕ್ಕೇ ಅಕ್ಕನ ಜೊತೆ ಸುಖವಾಗಿ ಮನೆ ಸೇರಿದ ತಮ್ಮ