ಸನ್ಯಾಸಕ್ಕೆ ಹತ್ತದ ಗಂಜಿ

ಮದುಕ್ಕರೈ, 1936

ಅತ್ತಿಗೆಗೆ ಮೈದುನನ ನಮಸ್ಕಾರ.

ಅಳು ನಿಲ್ಲಿಸಿ. ಸಂಸಾರದಲ್ಲಿ ಸುಖವಿಲ್ಲವೆಂದು ಮನೆ ಬಿಟ್ಟ ಅಣ್ಣ ಇಲ್ಲಿಯ ಮಠದಲ್ಲಿ ಸಿಕ್ಕಿದ. ಹುಡುಕುವುದೇ ಕಷ್ಟವಾಯಿತು, ಸಿಮೆಂಟ್ ಕಾರ್ಖಾನೆಯ ಧೂಳು ಮೆತ್ತಿಕೊಂಡು ಈ ಊರಲ್ಲಿ ಕೂಲಿಯವರೂ ವಿಭೂತಿ ಬಳಿದ ಸ್ವಾಮಿಗಳಂತೆಯೇ ಕಾಣುತ್ತಾರೆ. ನೇಕಾರನೆಂದು ತಿಳಿದ ಗುರುಗಳು ಅವನನ್ನು ಮತ್ತೆ ಮಗ್ಗಕ್ಕೇ ಕೂರಿಸಿದ್ದಾರೆ. ಮನೆಯಲ್ಲಿ ಬಂಧನವಾಗಿದ್ದ ಮಗ್ಗ ಇಲ್ಲಿ ತಪಸ್ಸಂತೆ.

"ಶಾಶ್ವತ ಸುಖ ಸಿಕ್ತಾ ಅಣ್ಣಾ?" ಎಂದು ಕೇಳಿದೆ.

ಲಾಳಿ ನಿಲ್ಲಿಸಿ, "ಸಿಕ್ಕಂಗೇ ಆಗ್ತದೆ, ಅಷ್ಟರಲ್ಲಿ ಎಳೆ ಕಿತ್ತೋಗ್ತದೆ. ನಿಮ್ಮತ್ತಿಗೆ ನೂಲಿಗೆ ಹಾಕೋ ಗಂಜಿಯ ಹದ ಇಲ್ಲಿ ಯಾರಿಗೂ ಗೊತ್ತಿಲ್ಲ ಕಣಪ್ಪಾ" ಎಂದ.

ಹೊರಡುವಾಗ ಇದ್ದ ನನ್ನ ಕೆಮ್ಮು ವಾಸಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಶುಕ್ರವಾರ ಇಬ್ಬರೂ ಬರುತ್ತೇವೆ. ಅಡುಗೆ ತಡವಾದರೂ ಚಿಂತೆಯಿಲ್ಲ, ಗಂಜಿ ಕಾಯಿಸಿಡಿ.

ಚೆನ್ನಿಯಪ್ಪ