ಫೌಜದಾರ ಸಾಹೇಬರು ನನ್ನ ಮಗಳಿಗೆ ಕೇಳಿದ ಪ್ರಶ್ನೆ

ಮಾನ್ಯ ಪೊಲೀಸ್ ಅಧಿಕಾರಿಗಳೇ,

ಬರುವ ಆಗಸ್ಟ್ ಹದಿನೈದಕ್ಕೆ ತಾವು ಕುಮಟೆಯ ಕನ್ಯಾಶಾಲೆಯಲ್ಲಿ ಬಾವುಟ ಏರಿಸಿ ಮಕ್ಕಳಿಗೆ ಬಹುಮಾನ ಹಂಚುವಿರಂತೆ. ಆ ಮಕ್ಕಳಲ್ಲಿ ನನ್ನ ಮಗಳು ನರ್ಮದೆಯೂ ಇದ್ದಾಳೆ. ಅವಳ ಅಪ್ಪನನ್ನು ಅವಳ ಬಾಯಿಂದಲೇ ಹಿಡಿದವರು ತಾವು. ನೆನಪಿದೆಯೇ?

ನಲವತ್ತೆರಡರ ಚಳವಳಿಯಲ್ಲಿ ನನ್ನ ಯಜಮಾನರು ಟೆಲಿಗ್ರಾಫ್ ತಂತಿ ಕತ್ತರಿಸಿ, ಧಾರೇಶ್ವರದ ದುರ್ಗಪ್ಪನ ಕೊಟ್ಟಿಗೆಯ ಅಟ್ಟದಲ್ಲಿ ಅಡಗಿದ್ದರು. ಒಂದು ದಿನ ಅಲ್ಲಿಯ ದೇವಸ್ಥಾನಕ್ಕೆಂದು ಹೋದ ನಾನೂ ಮಗಳೂ ದುರ್ಗಪ್ಪನ ಮನೆಯಲ್ಲಿ ನೀರು ಕುಡಿದು ಬಂದೆವು. ಅವರನ್ನು ನೋಡಲಿಲ್ಲ. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ.

ಮರುದಿನ ತಾವು ಬಂದಿರಿ. ಅದಕ್ಕೂ ಮೊದಲು ತಮ್ಮ ಶಿಪಾಯಿಗಳು ‘ಅಪ್ಪ ಎಲ್ಲಿ?’ ಎಂದು ಗದರಿಸಿದಾಗಲೆಲ್ಲ ನಾಲ್ಕು ವರ್ಷದ ಕೂಸು ‘ಗೊತ್ತಿಲ್ಲೆ’ ಎಂದಿತ್ತು. ತಾವು ಜಾಣರು, ಹಾಗೆ ಕೇಳಲಿಲ್ಲ. ಟೋಪಿ ತೆಗೆದು ಜಗಲಿಯಲ್ಲಿ ಅವಳ ಪಕ್ಕ ಕೂತಿರಿ.

“ತಂಗೀ, ನಿನ್ನೆ ಎಂತೆಂತ ಕಂಡೆ?”

ಇರುವೆಗಳು ಚಿಟ್ಟೆಯ ರೆಕ್ಕೆ ಹೊತ್ತದ್ದನ್ನು ಹೇಳಿದಳು. ದೋಣಿಗೆ ಬಳಿದ ಎಣ್ಣೆಯ ವಾಸನೆ ಹೇಳಿದಳು. ತಾವು “ಹೌದಾ! ಮತ್ತೆ?” ಎನ್ನುತ್ತ ಹೋದಿರಿ. ನಮ್ಮ ಮನೆಯಲ್ಲಿ ಯಾವ ಹಿರಿಯರೂ ಅವಳ ಮಾತಿಗೆ ಅಷ್ಟು ಕಿವಿಗೊಟ್ಟಿರಲಿಲ್ಲ. ಒಪ್ಪಲೇಬೇಕು.

“ದುರ್ಗಪ್ಪನ ಕೊಟ್ಟಿಗೆ ಕಂಬಕ್ಕೆ ಸುಣ್ಣದ ಬೊಟ್ಟು ಇದ್ದು. ಮಧ್ಯ ಗೆರೆ. ಅದು ಅಪ್ಪಯ್ಯಂದು.”

“ಹೇಗೆ ಗೊತ್ತಾತು?”

“ಅವನ ಹೆಬ್ಬೆರಳಲ್ಲಿ ಕತ್ತಿಗಾಯದ ಗೆರೆ ಇದ್ದು. ಎಲೆಗೆ ಸುಣ್ಣ ಹಚ್ಚಿ ಎಲ್ಲಿ ಒರೆಸಿದರೂ ಹಾಂಗೇ ಬತ್ತು.”

ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಾಯಿ ಮುಚ್ಚಿಸಿದ್ದರೆ ಅದೇ ಸಾಕ್ಷಿಯಾಗುತ್ತಿತ್ತು. ತಾವು ಅವಳ ಗಲ್ಲ ತಟ್ಟಿ “ಜಾಣೆ” ಎಂದಿರಿ. ಸಂಜೆಯೊಳಗೆ ಅವರನ್ನು ಹಿಡಿದಿರಿ. ದುರ್ಗಪ್ಪನಿಗೆ ಬಿದ್ದ ಪೆಟ್ಟಿಗೆ ಒಂದು ಕಿವಿ ಹೋಯಿತು. ಯಜಮಾನರು ಜೈಲಿನಲ್ಲಿ ಆಮಶಂಕೆಯಿಂದ ತೀರಿಕೊಂಡರು. ಶ್ರಾದ್ಧದ ಊಟಕ್ಕೆ ಬಂದ ನೆಂಟರು ಅವಳೆದುರೇ, “ಅಪ್ಪನ್ನ ಹಿಡಿಸಿಕೊಟ್ಟ ಕೂಸು ಇದೇಯ?” ಎಂದರು.

ಅಂದಿನಿಂದ ನರ್ಮದೆ ಏನನ್ನೂ ಕಾಣುವುದಿಲ್ಲ. ಶಾಲೆಯಲ್ಲಿ ‘ದಾರಿಯಲ್ಲಿ ಕಂಡದ್ದನ್ನು ಬರೆ’ ಎಂದರೆ ಪಾಟಿ ಖಾಲಿ. ಕಲಿಸುವ ಅಕ್ಕೋರು ಕಣ್ಣು ಮಂದವೆಂದರು. ಡಾಕ್ಟರರು ನೋಡಿ, ಕಣ್ಣಿಗೆ ಏನೂ ಆಗಿಲ್ಲವೆಂದರು. ಮೊನ್ನೆ ಬಾವಿಕಟ್ಟೆಯ ಬಳಿ ಹಾವು ಮಲಗಿತ್ತು. ಅವಳು ಬದಿಯಿಂದ ದಾಟಿ ಹೋದಳು. ಹಿಂದೆ ಬರುತ್ತಿದ್ದ ನಾನು ಇನ್ನೇನು ತುಳಿಯುತ್ತಿದ್ದೆ.

“ನಿಂಗೆ ಕಂಡಿದ್ದಿಲ್ಲೆಯನೇ?”

“ಕಂಡಿತ್ತು ಆಯಿ. ಹೇಳುಲೆ ಹೆದರಿಕೆ ಆತು.”

ಸಾಹೇಬರೇ, ಸರಕಾರ ಬದಲಾಯಿತು, ಬಾವುಟ ಬದಲಾಯಿತು. ಅದನ್ನು ಏರಿಸುವುದಕ್ಕೆ ಬೇರೆ ಕೈ ಸಿಗಲಿಲ್ಲವೇ? ಇರಲಿ, ಬನ್ನಿ. ಭಾಷಣ ಬೇಡ. ನನ್ನ ಮಗಳನ್ನು ಕರೆದು, ಊರೆಲ್ಲ ಕೇಳುವ ಹಾಗೆ ಹೇಳಿ: “ಮಗೂ, ಕಂಡದ್ದನ್ನು ಹೇಳಿದ್ದು ನಿನ್ನ ತಪ್ಪಲ್ಲ, ಕೇಳಿದ್ದು ನನ್ನ ತಪ್ಪು.” ಇಷ್ಟಕ್ಕೆ ಬಾಯಿ ಬಾರದಿದ್ದರೆ ಕುಮಟೆಗೆ ಬರಬೇಡಿ. ಆ ದಿನ ಅವಳನ್ನು ಮನೆಯಲ್ಲಿ ಬಚ್ಚಿಟ್ಟೇನೆಂದೂ ತಿಳಿಯಬೇಡಿ. ಮುಂದಿನ ಸಾಲಿನಲ್ಲೇ ನಿಲ್ಲಿಸುತ್ತೇನೆ.

ಇಂತಿ,
ತಮ್ಮ ಸೇವಾ ದಾಖಲೆಯಲ್ಲಿ ಹೆಸರಿಲ್ಲದ ವಿಧವೆ,
ಸುಬ್ಬಲಕ್ಷ್ಮಿ
ಕುಮಟಾ, ೧೯೪೯